ರೊಟ್ಟಿಯ ಮನೆ, ಮಾಂಸದ ಮನೆ

ಬೆತ್ಲೆಹೇಮಿಗೆ ಹೋಗಿ ಬಂದೆ ಎಂದರೆ ನಮ್ಮಲ್ಲಿ ಎಲ್ಲರೂ ಕೇಳುವುದು ಒಂದೇ: ಯೇಸು ಹುಟ್ಟಿದ ಜಾಗ ಹೇಗಿದೆ? ಗುಹೆ, ಅಮೃತಶಿಲೆ, ಬೆಳ್ಳಿಯ ನಕ್ಷತ್ರ, ಮೇಣದಬತ್ತಿಯ ಹೊಗೆ ಎಂದು ನಾನೂ ಹೇಳುತ್ತೇನೆ, ಕೇಳಿದವರಿಗೆ ಸಮಾಧಾನವಾಗುತ್ತದೆ. ನನಗೆ ಆಗುವುದಿಲ್ಲ. ನನ್ನೊಳಗೆ ಇನ್ನೂ ಕೊರೆಯುತ್ತಿರುವುದು ಆ ಊರಿನ ಹೆಸರು. ಹೀಬ್ರೂ ಬಲ್ಲವರು ಅದನ್ನು ‘ಬೇತ್ ಲೆಹೆಮ್’ ಎಂದು ಬಿಡಿಸಿ ರೊಟ್ಟಿಯ ಮನೆ ಅನ್ನುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರ ಅರಬ್ಬಿಯಲ್ಲಿ ಅದು ‘ಬೇತ್ ಲಹಮ್’, ಮಾಂಸದ ಮನೆ. ಎರಡನ್ನೂ ತಳ್ಳಿಹಾಕಿ, ಅದು ಯಾವುದೋ ಹಳೆಯ ದೇವರ ಗುಡಿಯಿದ್ದ ಊರು ಎನ್ನುವ ಪಂಡಿತರೂ ಇದ್ದಾರೆ. ಹೋಗುವ ಮೊದಲು ಇದು ನಿಘಂಟು ತೆರೆದರೆ ಬಗೆಹರಿಯುವ ಪ್ರಶ್ನೆ ಅಂದುಕೊಂಡಿದ್ದೆ. ಹೋಗಿ ಬಂದ ಮೇಲೆ ನಿಘಂಟಿನ ಮೇಲೆ ಅಷ್ಟು ಭರವಸೆ ಉಳಿದಿಲ್ಲ.

ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಹತ್ತು ಕಿಲೋಮೀಟರೂ ಇಲ್ಲ. ಡಮಾಸ್ಕಸ್ ಬಾಗಿಲಿನ ಹತ್ತಿರ ಹತ್ತಿದ ಬಸ್ಸು ಸಂಜೆಯ ದಟ್ಟಣೆಯಲ್ಲಿ ತೆವಳಿ ತಪಾಸಣಾ ಠಾಣೆಯ ಮುಂದೆ ಇಳಿಸಿತು. ಮುಂದೆ ಗೋಡೆ. ಇಸ್ರೇಲ್ 2002ರಲ್ಲಿ ಕಟ್ಟಲು ಶುರುಮಾಡಿದ ಈ ಗೋಡೆ ಇಲ್ಲಿ ಎಂಟು ಮೀಟರ್ ಎತ್ತರದ ಕಾಂಕ್ರೀಟು. ಬೈಬಲಿನ ರಾಹೇಲಳು ಬೆತ್ಲೆಹೇಮಿನ ದಾರಿಯಲ್ಲಿ ಹೆರಿಗೆಯಾಗಿ ತೀರಿಕೊಂಡಳಂತೆ. ದಾರಿಯ ಮಗ್ಗುಲಲ್ಲಿದ್ದ ಆಕೆಯ ಸಮಾಧಿಯನ್ನು ಗೋಡೆ ಮೂರು ಕಡೆಯಿಂದ ಬಳಸಿಕೊಂಡಿದೆ. ಹಳೆಯ ದಾರಿ ಅಲ್ಲೇ ಕಡಿದುಹೋಗಿದೆ.

ಒಳಗೆ ಹೋಗುವವರನ್ನು ಯಾರೂ ಹೆಚ್ಚು ಕೇಳುವುದಿಲ್ಲ. ತಿರುಗುವ ಕಬ್ಬಿಣದ ಗೇಟು ದಾಟಿದರೆ ಆಯಿತು. ನನ್ನ ಹಿಂದೆ ಮುಂದೆ ಇದ್ದವರೆಲ್ಲ ದಿನದ ಕೆಲಸ ಮುಗಿಸಿ ಮರಳುತ್ತಿದ್ದ ಕಟ್ಟಡ ಕೂಲಿಗಳು, ಶೂಗಳ ಮೇಲೆ ಸಿಮೆಂಟಿನ ಪುಡಿ. ಒಬ್ಬನ ಕೈಯಲ್ಲಿ ಎಳ್ಳು ಮೆತ್ತಿದ ಉದ್ದನೆಯ ಉಂಗುರಾಕಾರದ ರೊಟ್ಟಿಗಳಿದ್ದವು, ಜೆರುಸಲೇಮಿನ ಬೀದಿಗಳಲ್ಲಿ ಗಾಡಿಯ ಮೇಲೆ ಮಾರುವಂಥವು. ಮಕ್ಕಳಿಗೆ ಇದೇ ಬೇಕಂತೆ. ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದೆ. ‘ಮೂರಕ್ಕೆ ಬಂದು ಸಾಲಿನಲ್ಲಿ ನಿಲ್ಲಬೇಕು. ಹೊರಗೆ ಹೋಗುವುದೇ ಕಷ್ಟ, ಒಳಗೆ ಬರುವುದಲ್ಲ’ ಎಂದ. ರೊಟ್ಟಿಯ ಮನೆಯವನು ರೊಟ್ಟಿ ದುಡಿಯಲು ನಡುರಾತ್ರಿ ಎದ್ದು ಹೋಗುತ್ತಿದ್ದ. ಆ ಹೊತ್ತಿಗೆ ಇದು ನನಗೆ ಬರೆದಿಟ್ಟುಕೊಳ್ಳಬಹುದಾದ ಒಂದು ಚಮತ್ಕಾರದಂತೆ ಕಂಡಿತು, ಅಷ್ಟೆ.

ಮರುದಿನ ಬೆಳಗ್ಗೆ ಹಳೆಪೇಟೆಯ ಓಣಿಯೊಂದರಲ್ಲಿ ವಾಸನೆ ಹಿಡಿದು ಹೋದೆ. ಗುಹೆಯಂಥ ಅಂಗಡಿ, ಗೋಡೆಯೊಳಗೆ ಕಮಾನಿನ ಒಲೆ. ಐವತ್ತು ದಾಟಿದ ರೊಟ್ಟಿಯವನು ಹಿಟ್ಟಿನ ಉಂಡೆಗಳನ್ನು ಅಂಗೈಯಲ್ಲೇ ಅಗಲಿಸಿ, ಉದ್ದ ಹಿಡಿಯ ಹಲಗೆಯ ಮೇಲೆ ಸಾಲಾಗಿ ಇಟ್ಟು ಒಲೆಯೊಳಗೆ ಜಾರಿಸುತ್ತಿದ್ದ. ಎಣ್ಣೆಯಲ್ಲಿ ಕಲಸಿದ ಝಾತರ್ ಸೊಪ್ಪಿನ ಪುಡಿ ಬಳಿದ ರೊಟ್ಟಿ ಒಂದು ಕಡೆ, ಕೊಚ್ಚಿದ ಕುರಿಮಾಂಸ, ಟೊಮೆಟೊ, ಈರುಳ್ಳಿ ಹರಡಿದ ರೊಟ್ಟಿ ಇನ್ನೊಂದು ಕಡೆ. ಊರಿನ ಹೆಸರಿನ ಅರ್ಥ ಕೇಳಿದೆ. ಪ್ರವಾಸಿಗರು ಕೇಳುವ ಪ್ರಶ್ನೆಗಳ ಪಟ್ಟಿಯಲ್ಲಿ ಇದೂ ಇರಬೇಕು, ಯೋಚಿಸದೆ ಹೇಳಿದ: ‘ಮಾಂಸದ ಮನೆ. ಲಹಮ್ ಅಂದರೆ ಮಾಂಸ ತಾನೇ?’

ರೊಟ್ಟಿಗಾಗಿ ಕಾಯುತ್ತಿದ್ದ ವಯಸ್ಸಾದ ಗಿರಾಕಿಯೊಬ್ಬರು ಬಾಯಿ ಹಾಕಿದರು. ನಿವೃತ್ತ ಮೇಷ್ಟ್ರಂತೆ. ಹೀಬ್ರೂವಿನಲ್ಲಿ ಲೆಹೆಮ್ ಎಂದರೆ ರೊಟ್ಟಿ, ಅದೇ ಹಳೆಯ ಅರ್ಥ ಎಂದರು. ‘ಹಾಗಾದರೆ ನನ್ನ ಅಂಗಡಿಗೆ ಊರಿನ ಹೆಸರನ್ನೇ ಇಟ್ಟ ಹಾಗಾಯಿತು’ ಎಂದು ರೊಟ್ಟಿಯವನು ನಕ್ಕ. ಆಮೇಲೆ ಮಾಂಸ ಹರಡಿದ ರೊಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟ. ಅದರ ಹೆಸರು ‘ಲಹ್ಮ್ ಬಿ ಅಜೀನ್’, ಹಿಟ್ಟಿನ ಜೊತೆ ಮಾಂಸ. ‘ಮೇಷ್ಟ್ರೂ ಸರಿ, ನಾನೂ ಸರಿ. ಬಿಸಿ ಇದ್ದಾಗಲೇ ತಿನ್ನಿ’ ಎಂದ.

ಭಾಷೆ ಬಲ್ಲವರ ತೀರ್ಮಾನವೂ ಹೆಚ್ಚುಕಡಿಮೆ ಅದೇ. ಹೀಬ್ರೂ, ಅರಬ್ಬಿ, ಅರಮಾಯಿಕ್ ಒಂದೇ ಸೆಮಿಟಿಕ್ ಮನೆತನದ ನುಡಿಗಳು. ಅವುಗಳಲ್ಲಿ ಪದದ ಬೆನ್ನೆಲುಬು ಸಾಮಾನ್ಯವಾಗಿ ಮೂರು ವ್ಯಂಜನ. ಇಲ್ಲಿ ಲ, ಹ, ಮ. ಈ ಬೇರಿನ ಮೂಲ ಅರ್ಥ ‘ಹೊಟ್ಟೆ ತುಂಬಿಸುವ ಮುಖ್ಯ ಆಹಾರ’ ಎಂದಿರಬೇಕು, ಯಾರಿಗೆ ಯಾವುದು ಮುಖ್ಯವೋ ಅದಕ್ಕೆ ಪದ ಅಂಟಿಕೊಂಡಿತು ಎಂದು ಹಲವರು ಹೇಳುತ್ತಾರೆ. ಉತ್ತು ಬಿತ್ತುವವರ ಹೀಬ್ರೂವಿನಲ್ಲಿ ರೊಟ್ಟಿ, ಮಂದೆ ಕಾಯುವವರ ಅರಬ್ಬಿಯಲ್ಲಿ ಮಾಂಸ. ಅರಬ್ಬೀ ಸಮುದ್ರದ ಸೊಕೋತ್ರ ದ್ವೀಪದವರ ನುಡಿಯಲ್ಲಿ ಇದೇ ಬೇರಿನ ಪದ ಮೀನಿಗಿದೆ. ಮೊದಲ ಅರ್ಧದ ಬಗ್ಗೆ ಜಗಳವೇ ಇಲ್ಲ. ‘ಬೇತ್’ ಎಂದರೆ ಮನೆ. ಆ ನಾಡಿನ ತುಂಬ ಬೇತ್‌ಗಳಿವೆ: ಬೇತೇಲ್ ದೇವರ ಮನೆ, ಬೇತ್ಸಾಯಿದಾ ಮೀನುಗಾರಿಕೆಯ ಮನೆ, ಬೇತ್ಫಗೆ ಅಂಜೂರದ ಎಳೆಗಾಯಿಯ ಮನೆ.

ಓದಿದಾಗ ಇದು ಅಚ್ಚುಕಟ್ಟಾದ ಸಿದ್ಧಾಂತ. ನಾನು ಉಳಿದಿದ್ದ ಮನೆಯ ತಾರಸಿ ಹತ್ತಿದಾಗ ಅದು ಕಣ್ಣಿಗೇ ಕಂಡಿತು. ಊರು ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದ ಬೆಟ್ಟದ ಏಣಿನ ಮೇಲಿದೆ. ಪಶ್ಚಿಮಕ್ಕೆ ತಿರುಗಿದರೆ ಕಲ್ಲು ಕಟ್ಟಿ ಮೆಟ್ಟಿಲು ಮಾಡಿದ ಹೊಲಗಳು, ಆಲಿವ್ ಮರಗಳು, ದ್ರಾಕ್ಷಿ. ಮೆಡಿಟರೇನಿಯನ್ ಕಡೆಯಿಂದ ಬರುವ ಮಳೆ ಈ ಏಣಿನವರೆಗೆ ಬಂದು ಸುರಿದುಬಿಡುತ್ತದೆ. ಪೂರ್ವಕ್ಕೆ ತಿರುಗಿದರೆ ಹಸಿರು ಒಮ್ಮೆಗೇ ಮುಗಿದು, ನೆಲ ಒಣಗಿದ ಚರ್ಮದ ಬಣ್ಣಕ್ಕೆ ತಿರುಗಿ, ಲೋಕದ ಅತಿ ತಗ್ಗಿನ ಮೃತಸಮುದ್ರದ ಕಡೆಗೆ ಸಾವಿರ ಮೀಟರಿಗೂ ಹೆಚ್ಚು ಇಳಿಯುತ್ತದೆ. ನಡುವೆ ಹೆರೋದ ರಾಜ ಕೋಟೆ ಕಟ್ಟಿಸಿದ, ತುದಿ ಕತ್ತರಿಸಿದ ಶಂಕುವಿನಂಥ ಗುಡ್ಡ. ಆ ಕಡೆ ಆಡು ಕುರಿ ಬಿಟ್ಟರೆ ಬೇರೇನೂ ಬದುಕುವ ಹಾಗಿಲ್ಲ. ಅಂದರೆ ಈ ಊರು ರೊಟ್ಟಿ ತಿನ್ನುವವರ ನೆಲ ಮುಗಿದು ಮಾಂಸ ತಿನ್ನುವವರ ನೆಲ ಶುರುವಾಗುವ ಗಡಿಯಲ್ಲೇ ಕೂತಿದೆ. ಧಾನ್ಯ ಕೊಟ್ಟು ಕುರಿ ಕೊಳ್ಳಲು ಇದಕ್ಕಿಂತ ಒಳ್ಳೆಯ ಸಂತೆಮಾಳ ಸಿಗಲಾರದು. ಎರಡು ಅರ್ಥದಲ್ಲಿ ಯಾವುದು ನಿಜ ಎಂದು ಕೇಳುವುದನ್ನು ಆ ತಾರಸಿಯ ಮೇಲೆ ಬಿಟ್ಟೆ.

ಯೇಸು ಜನನದ ಚರ್ಚಿಗೆ ಹೋಗುವ ಬಾಗಿಲಿನ ಎತ್ತರ ಹೆಚ್ಚೆಂದರೆ 1.2 ಮೀಟರ್. ರಾಜನೇ ಬಂದರೂ ಬಗ್ಗಬೇಕು. ಮುಂದಿದ್ದವರು ಮಂಗಳೂರಿನ ಯಾತ್ರಿಕರ ಗುಂಪು. ನನ್ನ ಫೋನ್ ಮಾತು ಕೇಳಿಸಿಕೊಂಡಿದ್ದ ಹಿರಿಯಮ್ಮ ಒಬ್ಬರು ಆ ಕಡೆಯಿಂದ ಕೈ ಚಾಚಿ ಕರೆದರು: ‘ಬಗ್ಗಿ ಬನ್ನಿ ಮಾರಾಯ್ರೇ, ಇನ್ನೂ ಬಗ್ಗಿ. ತಲೆ ತಾಗ್ತದೆ.’ ಅಷ್ಟು ದೂರದಲ್ಲಿ ಆ ರಾಗದ ಕನ್ನಡ ಕೇಳಿ ಮನಸ್ಸು ಹಗುರಾಯಿತು. ಒಳಗೆ ನಾಲ್ಕನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಕಟ್ಟಿಸಿದ ಚರ್ಚಿನ ಬಣ್ಣದ ಹರಳುನೆಲದ ತುಣುಕುಗಳು, ಮೇಲೆ ಆರನೇ ಶತಮಾನದ, ಜಸ್ಟೀನಿಯನ್ ಕಾಲದ ಕಂಬಗಳ ಸಾಲು. ಗುಹೆಯಲ್ಲಿ ಹದಿನಾಲ್ಕು ಮೊನೆಗಳ ಬೆಳ್ಳಿ ನಕ್ಷತ್ರ. ಹಿರಿಯಮ್ಮ ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ಏಳಲೇ ಇಲ್ಲ. 1847ರಲ್ಲಿ ಈ ನಕ್ಷತ್ರ ಕಳುವಾದಾಗ ಗ್ರೀಕ್ ಮತ್ತು ಕ್ಯಾಥೊಲಿಕ್ ಸನ್ಯಾಸಿಗಳ ನಡುವೆ ಹೊತ್ತಿಕೊಂಡ ಜಗಳ, ರಷ್ಯಾ ಮತ್ತು ಫ್ರಾನ್ಸ್‌ಗಳ ಪೈಪೋಟಿಗೆ ತಗುಲಿ, 1853ರ ಕ್ರಿಮಿಯಾ ಯುದ್ಧದ ಕಾರಣಗಳಲ್ಲಿ ಒಂದಾಯಿತು ಎಂಬುದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ನಾನು ನೋಡಬೇಕೆಂದು ಹೋಗಿದ್ದು ಪಕ್ಕದ ಇನ್ನೊಂದು ಗುಹೆಯನ್ನು. ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಕೂತು ಬರೆದದ್ದು ಅಲ್ಲಿ ಎಂಬ ನಂಬಿಕೆ ಇದೆ. ಆತ 386ರಲ್ಲಿ ಬೆತ್ಲೆಹೇಮಿಗೆ ಬಂದು ಸಾಯುವತನಕ ಅಲ್ಲೇ ಇದ್ದ. ಯೆಹೂದಿ ಗುರುವೊಬ್ಬ ತನ್ನವರ ಕಣ್ಣಿಗೆ ಬೀಳಬಾರದೆಂದು ರಾತ್ರಿ ಹೊತ್ತು ಬಂದು ಅವನಿಗೆ ಹೀಬ್ರೂ ಹೇಳಿಕೊಡುತ್ತಿದ್ದ. ಬೈಬಲಿನ ಊರು ಮತ್ತು ಜನರ ಹೆಸರುಗಳಿಗೆಲ್ಲ ಅರ್ಥ ಬರೆದ ಒಂದು ಪುಸ್ತಕವನ್ನೂ ಜೆರೋಮ್ ಸಿದ್ಧಪಡಿಸಿದ. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂಬ ಅರ್ಥ ಯುರೋಪಿನ ತುಂಬ ಹರಡಿದ್ದರಲ್ಲಿ ಅವನ ಪಾಲು ದೊಡ್ಡದು.

ಆದರೆ ಅವನ ಬದುಕಿನ ಒಂದು ಸಂಗತಿ ಈ ಪುಸ್ತಕಕ್ಕಿಂತ ನನ್ನನ್ನು ಹೆಚ್ಚು ಹಿಡಿದಿಟ್ಟಿದೆ. 410ರಲ್ಲಿ ರೋಮ್ ನಗರ ಸೂರೆಯಾಯಿತು. ನಿನ್ನೆಯವರೆಗೆ ಶ್ರೀಮಂತರಾಗಿದ್ದವರು ತುತ್ತಿಗೆ ಗತಿಯಿಲ್ಲದೆ ಸಮುದ್ರ ದಾಟಿ ಬೆತ್ಲೆಹೇಮಿನ ಮಠದ ಬಾಗಿಲಿಗೆ ಬಂದು ನಿಂತರು. ಆಗ ಎಝೆಕಿಯೇಲನ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಿದ್ದ ಜೆರೋಮ್, ಬಂದವರನ್ನು ನೋಡಿಕೊಳ್ಳುವುದಕ್ಕಾಗಿ ಬರವಣಿಗೆಯನ್ನೇ ಪಕ್ಕಕ್ಕಿಡಬೇಕಾಯಿತು ಎಂದು ತಾನೇ ಬರೆದುಕೊಂಡಿದ್ದಾನೆ. ಹೆಸರಿನ ಅರ್ಥ ಬರೆದವನು ಆ ಅರ್ಥದಂತೆ ನಡೆಯಬೇಕಾಗಿ ಬಂದಾಗ ಲೇಖನಿ ಕೆಳಗಿಟ್ಟ.

ಚರ್ಚಿನ ಚೌಕದಿಂದ ತುಸು ದೂರದಲ್ಲಿ ಸುರಿಯಾನಿ ಕ್ರೈಸ್ತರ ಕೇರಿ. 1915ರಲ್ಲಿ ಆಟೊಮನ್ ತುರ್ಕಿಯಲ್ಲಿ ನಡೆದ ಕಗ್ಗೊಲೆಯಿಂದ ತಪ್ಪಿಸಿಕೊಂಡು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇಲ್ಲಿದ್ದಾರೆ. ಕೇರಳದ ಸುರಿಯಾನಿ ಚರ್ಚುಗಳ ಪೂಜೆಯ ಭಾಷೆ ಮತ್ತು ಇವರ ಪೂಜೆಯ ಭಾಷೆ ಒಂದೇ. ಇಂಡಿಯಾದವನು ಎಂದದ್ದೇ ತಡ, ‘ಮಲಬಾರ್’ ಎಂದು ಕೈ ಹಿಡಿದು ಮನೆಗೆ ಕರೆದೊಯ್ದರು. ಮಲಬಾರಿನವನಲ್ಲ, ಘಟ್ಟದ ಮೇಲಿನವನು ಎಂದು ಬಿಡಿಸಿ ಹೇಳಲು ಹೋದೆ. ಮನೆಯ ಅಜ್ಜಿಗೆ ಅದು ಮುಖ್ಯವಾಗಲಿಲ್ಲ. ಬೇಳೆಯ ಸಾರು, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದು, ಮೊಸರು, ಬಟ್ಟೆಯಲ್ಲಿ ಮುಚ್ಚಿಟ್ಟ ರೊಟ್ಟಿ ತಂದಿಟ್ಟರು. ತಟ್ಟೆ ಖಾಲಿಯಾಗಲು ಬಿಡಲಿಲ್ಲ.

ರೊಟ್ಟಿ ತೋರಿಸಿ, ನಿಮ್ಮ ಮಾತಿನಲ್ಲಿ ಇದಕ್ಕೇನು ಎಂದೆ. ‘ಲಹ್ಮೊ’ ಎಂದರು. ಮಾಂಸಕ್ಕೆ? ‘ಬಸ್ರೊ.’ ಅಲ್ಲಿಗೆ ಎರಡೂ ಬೇರೆಯಾದವು. ಮಗ ಬೀದಿಯಲ್ಲಿ ಅರಬ್ಬಿ ಆಡುತ್ತಾನೆ, ಕಟುಕನ ಅಂಗಡಿಯಲ್ಲಿ ಲಹಮ್ ಎಂದು ಮಾಂಸ ಕೇಳುತ್ತಾನೆ. ಮನೆಗೆ ಬಂದರೆ ಅಜ್ಜಿ ಲಹ್ಮೊ ಎಂದು ರೊಟ್ಟಿ ಕೊಡುತ್ತಾರೆ. ನಮ್ಮ ಅಪ್ಪ ಇಲ್ಲಿಗೆ ಬಂದಾಗ ಬರಿಗೈಯಲ್ಲಿದ್ದರು, ಊರಿನ ಹೆಸರು ಮಾತ್ರ ಅರ್ಥವಾಗುತ್ತಿತ್ತು ಎಂದು ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿದಳು. ನೆಲೆ ಕಳೆದುಕೊಂಡು ಬಂದವರಿಗೆ ಎದುರಾದ ಊರಿನ ಹೆಸರು ತಮ್ಮ ಮನೆಮಾತಿನಲ್ಲೇ ರೊಟ್ಟಿಯ ಮನೆ ಎಂದು ಕೇಳಿಸಿದರೆ ಹೇಗಿರಬೇಡ!

ಊಟದ ಹೆಸರಿನ ಈ ಊರಿನ ಹಳೆಯ ದಾಖಲೆಗಳಲ್ಲಿ ಮಾತ್ರ ಊಟದ ಸುಳಿವಿಲ್ಲ. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಮಣ್ಣಿನ ಹಲಗೆಯ ಪತ್ರಗಳು ಸಿಕ್ಕವು, ಕ್ರಿಸ್ತಪೂರ್ವ 14ನೇ ಶತಮಾನದವು. ಒಂದರಲ್ಲಿ ಜೆರುಸಲೇಮಿನ ಅರಸ ಅಬ್ದಿ-ಹೆಬ, ತನ್ನ ನಾಡಿನ ಊರೊಂದು ಎದುರಾಳಿಗಳ ಪಾಲಾಯಿತು, ಬಿಲ್ಲುಗಾರರನ್ನು ಕಳಿಸಿ ಎಂದು ಫೆರೋಗೆ ಮೊರೆಯಿಡುತ್ತಾನೆ. ಆ ಊರಿನ ಹೆಸರನ್ನು ‘ಬಿತ್ ಲಹ್ಮಿ’ ಎಂದು ಓದಬಹುದು ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಹಾಗೆ ಓದಿದರೆ ಅದು ಲಹ್ಮು ಎಂಬ ಮೆಸೊಪೊಟೇಮಿಯಾದ ದೇವತೆಯ ಮನೆ ಎಂಬ ಊಹೆ ಹುಟ್ಟುತ್ತದೆ. ಅಂಥ ಗುಡಿಯ ಕುರುಹು ಬೆತ್ಲೆಹೇಮಿನಲ್ಲಿ ಸಿಕ್ಕಿಲ್ಲ. ಅನುಮಾನವಿಲ್ಲದ ದಾಖಲೆ 2012ರಲ್ಲಿ ಬೆಳಕಿಗೆ ಬಂದ ಒಂದೂವರೆ ಸೆಂಟಿಮೀಟರಿನ ಮಣ್ಣಿನ ಮುದ್ರೆ. ಜೆರುಸಲೇಮಿನ ಅಗೆತದ ಮಣ್ಣನ್ನು ಜರಡಿ ಹಿಡಿದಾಗ ಸಿಕ್ಕ ಅದರಲ್ಲಿ ಊರಿನ ಹೆಸರಿನ ಜೊತೆ ಆಳ್ವಿಕೆಯ ಏಳನೇ ವರ್ಷ, ‘ರಾಜನಿಗೆ’ ಎಂಬಷ್ಟೇ ಇದೆ. ಬಹುಶಃ ಕಂದಾಯದ ಸರಕಿಗೆ ಒತ್ತಿದ್ದು. ಹೀಬ್ರೂವಿನಲ್ಲಿ ಲ-ಹ-ಮ ಎಂಬ ಇದೇ ಮೂರು ವ್ಯಂಜನಗಳಿಂದ ಯುದ್ಧ ಎಂಬ ಅರ್ಥದ ‘ಮಿಲ್ಹಮಾ’ ಕೂಡ ಹುಟ್ಟಿದೆ. ಬೇರು ಒಂದೇ ಇರಬಹುದೇ ಎಂಬುದರಲ್ಲಿ ಒಮ್ಮತವಿಲ್ಲ.

ಹೆಸರಿನಲ್ಲಿ ಊಟ, ದಾಖಲೆಯಲ್ಲಿ ಬೇರೇನೋ ಎಂಬುದು ಬೆಂಗಳೂರಿನವನಾದ ನನಗೆ ಹೊಸದೆನಿಸಲಿಲ್ಲ. ದಾರಿ ತಪ್ಪಿ ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬಲ್ಲಾಳ ಹುಟ್ಟುವುದಕ್ಕಿಂತ ಇನ್ನೂರು ವರ್ಷಕ್ಕೂ ಹಿಂದಿನ, ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲಿ ಬೆಂಗಳೂರು ಆಗಲೇ ಇದೆ. ಇರುವುದು ಕಾಳಗದ ಹೆಸರಾಗಿ, ಅಲ್ಲಿ ಮಡಿದವನ ನೆನಪಿಗೆ. ಕಲ್ಲಿನಲ್ಲಿ ಕೊರೆಸುವವರು ಕಾಳಗ ಕೊರೆಸಿದರು. ಬಾಯಲ್ಲಿ ಉಳಿಸಿಕೊಂಡವರು ಕಾಳನ್ನು ಉಳಿಸಿಕೊಂಡರು. ಇತಿಹಾಸಕ್ಕೆ ಸಲ್ಲದ ಕತೆ ಎಂದು ಎರಡನೆಯದನ್ನು ಬಿಸಾಡುವುದು ಸುಲಭ. ಆದರೆ ಆ ಕತೆ ಕಟ್ಟಿದವರಿಗೆ ಊರು ಎಂದರೆ ಹಸಿದು ಬಂದ ಅಪರಿಚಿತನಿಗೆ ಏನು ಸಿಕ್ಕಿತು ಎಂಬುದಾಗಿತ್ತು. ಅದನ್ನು ಯಾವ ಶಾಸನವೂ ಹೇಳುವುದಿಲ್ಲ.

ಬೆತ್ಲೆಹೇಮಿನಿಂದ ಇಳಿಜಾರಿನಲ್ಲಿ ನಡೆದರೆ ಬೇತ್ ಸಾಹೂರ್. ರಾತ್ರಿಯಿಡೀ ಎಚ್ಚರವಿರುವವರ ಮನೆ ಎಂದು ಅಲ್ಲಿಯವರು ಅರ್ಥ ಹೇಳುತ್ತಾರೆ. ದೇವದೂತರು ಕುರುಬರಿಗೆ ಕಾಣಿಸಿಕೊಂಡರೆಂದು ನಂಬುವ ಹೊಲ ಅಲ್ಲಿದೆ. ಬೈಬಲಿನ ರೂತಳು ಹಕ್ಕಲು ಆಯ್ದ ಹೊಲವೂ ಇದೇ ಬಯಲಿನದೆನ್ನುತ್ತಾರೆ. ಆ ಕತೆ ಶುರುವಾಗುವುದೇ ರೊಟ್ಟಿಯ ಮನೆಯಲ್ಲಿ ಬರ ಬಿದ್ದದ್ದರಿಂದ. ನೊವೊಮಿ ಎಂಬಾಕೆ ಗಂಡನನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೊಟ್ಟೆಪಾಡಿಗೆ ಮೋವಾಬ್ ನಾಡಿಗೆ ಹೋಗುತ್ತಾಳೆ. ಮೂವರನ್ನೂ ಕಳೆದುಕೊಂಡು, ಪರದೇಶದ ಸೊಸೆ ರೂತಳೊಂದಿಗೆ ಜವೆಗೋದಿಯ ಕೊಯ್ಲಿನ ಹೊತ್ತಿಗೆ ಮರಳುತ್ತಾಳೆ. ಊರ ಹೆಂಗಸರು ನೊವೊಮಿಯೇ ಎಂದು ಕೇಳಿದರೆ, ಸೊಗಸು ಎಂಬರ್ಥದ ಆ ಹೆಸರಿನಿಂದ ಕರೆಯಬೇಡಿ, ಕಹಿ ಎಂಬರ್ಥದ ‘ಮಾರಾ’ ಎನ್ನಿ ಅನ್ನುತ್ತಾಳೆ. ಅರ್ಥಕ್ಕೆ ತಕ್ಕ ಬದುಕಿಲ್ಲದ ಮೇಲೆ ಹೆಸರೇಕೆ ಎಂಬ ರೊಚ್ಚು ಅದು. ಆ ಊರಿಗೆ ಅವಳ ರೊಚ್ಚು ತಟ್ಟಲಿಲ್ಲ. ಬರದ ನಂತರವೂ ತನ್ನ ಹೆಸರನ್ನೇ ಉಳಿಸಿಕೊಂಡಿತು. ಉಳಿಸಿಕೊಳ್ಳಲು ಯೋಗ್ಯವಾದದ್ದು ಪರದೇಶದವಳಾದ ರೂತಳಿಗೂ ಹೊಲದಲ್ಲಿ ತೆನೆ ಬಿಟ್ಟುಕೊಟ್ಟದ್ದರಿಂದ ಎಂದು ನನಗನಿಸುತ್ತದೆ.

ಅಲ್ಲಿ ಆಲಿವ್ ಮರದಲ್ಲಿ ಗೊಂಬೆ ಕೆತ್ತುವ ಕಾರ್ಖಾನೆಗೆ ಹೋದೆ. ಹಳದಿ ಹೊಟ್ಟಿನಲ್ಲಿ ಮುಳುಗಿದ್ದ ಮಾಲೀಕರ ತಲೆಯ ಮೇಲೆ ಫುಟ್‌ಬಾಲ್ ತಂಡವೊಂದರ ಬಾವುಟ. ‘ಪಲೆಸ್ತೀನೊ’, 1920ರಲ್ಲಿ ದಕ್ಷಿಣ ಅಮೆರಿಕದ ಚಿಲಿಯಲ್ಲಿ ಪ್ಯಾಲೆಸ್ಟೀನಿಯನ್ ವಲಸಿಗರು ಕಟ್ಟಿದ ತಂಡ. ಬೆತ್ಲೆಹೇಮ್, ಬೇತ್ ಜಾಲಾ, ಬೇತ್ ಸಾಹೂರ್‌ಗಳಿಂದ ನೂರು ವರ್ಷಗಳಿಂದ ಜನ ಚಿಲಿಗೆ ವಲಸೆ ಹೋಗುತ್ತಲೇ ಇದ್ದಾರೆ. ಅವರ ಅಣ್ಣಂದಿರೂ ಅಲ್ಲೇ. ‘ನಮ್ಮವರು ಅಲ್ಲೇ ಹೆಚ್ಚು, ಇಲ್ಲಿ ಕಡಿಮೆ’ ಎಂದರು, ಉಳಿ ನಿಲ್ಲಿಸದೆ. ಆಮೇಲೆ ಧೇಯ್ಷೆ ನಿರಾಶ್ರಿತರ ಶಿಬಿರಕ್ಕೆ ಹೋದೆ. 1948ರಲ್ಲಿ ಹಳ್ಳಿ ಕಳೆದುಕೊಂಡು ಬಂದವರಿಗಾಗಿ 1949ರಲ್ಲಿ ಹಾಕಿದ ಡೇರೆಗಳು ಈಗ ಒಂದರ ಮೇಲೊಂದು ಏರಿದ ಸಿಮೆಂಟಿನ ಗೂಡುಗಳಾಗಿವೆ.

ನಾನು ಬಂದಮೇಲೆ ಅಲ್ಲಿ ಏನೇನೋ ಆಯಿತು. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದ ನಂತರ, ಬೆತ್ಲೆಹೇಮ್ ಸೇರಿದ ಪಶ್ಚಿಮ ದಂಡೆಯ ಬಹುಪಾಲು ಕೂಲಿಗಳಿಗೆ ಇಸ್ರೇಲಿನೊಳಗೆ ಹೋಗುವ ಪರವಾನಗಿ ನಿಂತುಹೋಯಿತು. ಎಳ್ಳಿನ ರೊಟ್ಟಿ ತರುತ್ತಿದ್ದವನ ಮುಖ ಮರೆತಿದ್ದೆ, ಆ ಸುದ್ದಿ ಓದಿದಾಗ ನೆನಪಾಯಿತು. ಆ ವರ್ಷ ಬೆತ್ಲೆಹೇಮಿನಲ್ಲಿ ಕ್ರಿಸ್ಮಸ್ ಸಂಭ್ರಮ ರದ್ದಾಯಿತು. ಲೂಥರನ್ ಚರ್ಚೊಂದರಲ್ಲಿ ಗೋದಲಿಯ ಬದಲು ಕಾಂಕ್ರೀಟಿನ ಅವಶೇಷಗಳ ನಡುವೆ ಶಿಶುವನ್ನು ಮಲಗಿಸಿದ್ದರು.

ಹೆಸರಿನ ಎರಡನೇ ಅರ್ಧಕ್ಕಾಗಿ ಇಷ್ಟೆಲ್ಲ ಪುಸ್ತಕ ತೆರೆದೆ. ಲೆಹೆಮ್ ರೊಟ್ಟಿಯೋ, ಮಾಂಸವೋ, ದೇವರೋ ಎಂಬ ಚರ್ಚೆ ನಡೆಯುತ್ತಲೇ ಇರಲಿ. ನಿಘಂಟಿನಲ್ಲಿ ಯಾರೂ ತಕರಾರು ತೆಗೆಯದ ಮೊದಲ ಅರ್ಧವೇ ಈಗ ನನ್ನನ್ನು ಕಾಡುವುದು. ಮನೆ ಎಂದ ಮೇಲೆ ಬಾಗಿಲಿರುತ್ತದೆ. ರೂತಳಿಗೆ, ರೋಮಿನಿಂದ ಓಡಿ ಬಂದವರಿಗೆ, ಅಜ್ಜಿಯ ಅಪ್ಪನಿಗೆ ಅದು ತೆರೆದಿತ್ತು. ನೊವೊಮಿಯನ್ನೂ ಚಿಲಿಯ ಅಣ್ಣಂದಿರನ್ನೂ ಅದು ಹೊರಗೆ ಕಳಿಸಿತು. ಇವತ್ತು ಆ ಬಾಗಿಲನ್ನು ಯಾವಾಗ ತೆರೆಯಬೇಕು, ಯಾರಿಗೆ ತೆರೆಯಬೇಕು ಎಂದು ತೀರ್ಮಾನಿಸುವುದು ಮನೆಯವರಲ್ಲ. ಆ ಅಧಿಕಾರ ಅವರ ಕೈಗೆ ಬರುವವರೆಗೆ ರೊಟ್ಟಿಯ ಮನೆ, ಮಾಂಸದ ಮನೆ ಎಂಬ ಎರಡೂ ಅನುವಾದ ಅರ್ಧವಷ್ಟೇ ನಿಜ.